ಕೊಟ್ಟರೆ ಚಿಗುರದ ಕಡ್ಡಿ

ಆರು ದಿನ ಎಡೆಬಿಡದೆ ಬೀಸಿದ ಗಾಳಿ ಏಪ್ರಿಲ್ ಎರಡನೇ ವಾರದ ಒಂದು ಮಧ್ಯಾಹ್ನ ತಟ್ಟನೆ ನಿಂತಿತು. ಭೂಮಿಯ ತೆಂಕಣ ತುದಿಯಲ್ಲಿ, ಏಪ್ರಿಲ್‌ಗೇ ಚಳಿಗಾಲ ಕಾಲಿಡುವ ಕೊಯೈಕೆ ಊರಿಗೆ ಹೊಸದಾಗಿ ಬಂದವರು ಗಾಳಿ ನಿಂತರೆ ಖುಷಿಯಿಂದ ಬಟ್ಟೆ ಒಗೆದು ಹರವುತ್ತಾರೆ. ಹಳಬರು ಮುಖ ಸಿಂಡರಿಸಿಕೊಂಡು ಆಕಾಶ ನೋಡುತ್ತಾರೆ. ಓರ್ಫೆಲಿನಾ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಚೂರು ಮೋಡವಿಲ್ಲ. ಗುಡ್ಡದ ಮೇಲಿನ ಲೆಂಗಾ ಮರಗಳ ಎಲೆಯೆಲ್ಲ ಉದುರುವ ಮುಂಚೆ ಕೆಂಪಾಗಿತ್ತು. ಬೀದಿಯ ಮನೆಗಳ ಹೊಗೆ ಅತ್ತಿತ್ತ ಅಲುಗದೆ ನೆಟ್ಟಗೆ ಮೇಲೇರುತ್ತಿತ್ತು. ಇನ್ನು ಮೂರು ರಾತ್ರಿ, ಬಹಳವೆಂದರೆ ನಾಲ್ಕು. ಆಮೇಲೆ ಇಬ್ಬನಿ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ, ಹಿತ್ತಲಲ್ಲಿ ಮೆತ್ತಗಿರುವುದೆಲ್ಲ ಕರಕಲಾಗುತ್ತದೆ.

"ಈ ವರ್ಷ ನಾನು ಹೊದಿಸಲ್ಲ," ಎಂದಳು.

ಒಲೆಯ ಪಕ್ಕ ಕೂತು ಸೋರೆಬುರುಡೆಯಿಂದ ಮಾತೇ ಎಂಬ ಎಲೆಯ ಕಷಾಯ ಹೀರುತ್ತಿದ್ದ ಗಂಡ ಬಾಲ್ದೊಮೇರೊ ತಲೆ ಎತ್ತಲಿಲ್ಲ. "ಹೋದ ವರ್ಷಾನೂ ಇದನ್ನೇ ಹೇಳಿದ್ದೆ, ಮುದುಕಿ."

"ಹೋದ ವರ್ಷ ಸುಳ್ಳು ಹೇಳಿದ್ದೆ."

"ಈ ವರ್ಷ?"

"ಈ ವರ್ಷ ಸುಳ್ಳು ಹೇಳೋಕೂ ಶಕ್ತಿ ಇಲ್ಲ."

ಅದು ತಮಾಷೆಯ ಮಾತೇ, ಆದರೆ ಬಾಲ್ದೊ ನಗಲಿಲ್ಲ. ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ, ಸೋರೆಬುರುಡೆಗೆ ಬಿಸಿನೀರು ತುಂಬಿಸಿ ಅವಳ ಕೈಗೆ ಕೊಟ್ಟ.

ಓರ್ಫೆಲಿನಾಗೆ ಎಪ್ಪತ್ತೊಂದು. ಮೂವತ್ತೊಂದು ವರ್ಷ ಊರಿನ ಶಾಲೆಯ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿದವಳು. ಬೆಳಗ್ಗೆ ಐದಕ್ಕೆ ಎದ್ದು ಸೌದೆ ಒಲೆ ಹಚ್ಚಿ, ಇನ್ನೂರು ಮಕ್ಕಳಿಗೆ ಆಗುವಷ್ಟು ದೊಡ್ಡ ಹಂಡೆಯನ್ನು ಇಬ್ಬರು ಹಿಡಿಯಬೇಕಾದಲ್ಲಿ ಒಬ್ಬಳೇ ಎತ್ತಿ ಇಳಿಸಿದವಳು. ಯಾಕೆ ಒಬ್ಬಳೇ ಎತ್ತುತ್ತಿದ್ದೆ ಎಂದು ಕೇಳಿದರೆ, ಇನ್ನೊಬ್ಬರನ್ನು ಕೂಗುವುದಕ್ಕಿಂತ ಎತ್ತುವುದೇ ಸುಲಭವಾಗಿತ್ತು ಎನ್ನುತ್ತಾಳೆ. ಅದರ ಫಲ ಈಗ ಸೊಂಟದಲ್ಲೂ ಬೆರಳ ಗೆಣ್ಣುಗಳಲ್ಲೂ ಕೂತಿದೆ. ಮೊದಲೆಲ್ಲ ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ದಣಿವು ಹೋಗಿರುತ್ತಿತ್ತು. ಈಗ ಅದು ಅವಳಿಗಿಂತ ಮೊದಲೇ ಎದ್ದು ಮಂಚದ ಅಂಚಿನಲ್ಲಿ ಕಾಯುತ್ತಿರುತ್ತದೆ.

ಹಿತ್ತಲಿನ ಬೇರೆಲ್ಲದರ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಆಲೂಗೆಡ್ಡೆ ಅಗೆದು ಒಳಗಿಟ್ಟಾಗಿತ್ತು. ಬೀನ್ಸಿನ ಬಳ್ಳಿ ಒಣಗಿತ್ತು, ಬೀಜ ಡಬ್ಬಿ ಸೇರಿತ್ತು. ಎಲೆಕೋಸಿಗೆ ಚಳಿ ಬಡಿದರೆ ಇನ್ನೂ ರುಚಿ. ಉಳಿದದ್ದು ಒಂದೇ, ಗೋಡೆಗೆ ಒರಗಿ ಎದೆಯೆತ್ತರ ಬೆಳೆದ ಕೆಂಪು ಜಿರೇನಿಯಂ ಗಿಡ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಸಂಜೆ ಅದಕ್ಕೆ ಹಳೆಯ ಗೋಣಿಚೀಲ, ಹರಿದ ಕಂಬಳಿ ಎಲ್ಲ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಬೇಕು. ದಿನಾ ಬೆಳಗ್ಗೆ ಬಿಸಿಲು ಬಂದ ಮೇಲೆ ಅಷ್ಟನ್ನೂ ತೆಗೆಯಬೇಕು, ಇಲ್ಲದಿದ್ದರೆ ಒಳಗೇ ಕೊಳೆಯುತ್ತದೆ. ನಲವತ್ತನಾಲ್ಕು ವರ್ಷ ಅವಳು ಇದನ್ನು ಮಾಡಿದ್ದಳು. ಬಾಲ್ದೊ ಮಾಡುತ್ತೇನೆಂದು ಎರಡು ಸಲ ಮುಂದೆ ಬಂದಿದ್ದ. ಎರಡು ಸಲವೂ ಕಲ್ಲನ್ನು ಗಿಡದ ಮೇಲೇ ಇಟ್ಟಿದ್ದ. ಆಮೇಲೆ ಅವನನ್ನು ಹತ್ತಿರ ಸೇರಿಸಲಿಲ್ಲ.

ಆ ಗಿಡ ಎಲ್ಲಿಂದ ಬಂತೆಂದರೆ, ಕದ್ದು ಬಂತು. ಓರ್ಫೆಲಿನಾಳ ಅಮ್ಮ ಚಿಲೋಯೆ ದ್ವೀಪದಲ್ಲಿ ಒಬ್ಬ ವ್ಯಾಪಾರಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಇತ್ತ ಕಡೆ ಬರುವ ಹಡಗು ಹತ್ತುವ ದಿನ ಯಜಮಾನಿಯ ಕಿಟಕಿಯಲ್ಲಿದ್ದ ಜಿರೇನಿಯಂನಿಂದ ಒಂದು ಕಡ್ಡಿ ಮುರಿದು, ಹಸಿ ಆಲೂಗೆಡ್ಡೆಗೆ ಚುಚ್ಚಿ, ರವಿಕೆಯೊಳಗೆ ಇಟ್ಟುಕೊಂಡು ಬಂದಳು. ಓರ್ಫೆಲಿನಾ ತನ್ನ ಮದುವೆಯ ಬೆಳಗ್ಗೆ ಅಮ್ಮನ ಗಿಡದಿಂದಲೇ ಕದ್ದಳು. ಅಮ್ಮ ನೋಡಿಯೂ ನೋಡದವಳ ಹಾಗೆ ಬೆನ್ನು ತಿರುಗಿಸಿ ಪಾತ್ರೆ ತೊಳೆದಳು. ಆ ಸೀಮೆಯಲ್ಲಿ ಹಾಗೇ. ಜಿರೇನಿಯಂ ಕಡ್ಡಿಯನ್ನು ಕದ್ದೇ ನೆಡಬೇಕು. ಕೊಟ್ಟರೆ ಚಿಗುರುವುದಿಲ್ಲ, ಕೊಂಡರೂ ಚಿಗುರುವುದಿಲ್ಲ. ಕದಿಯುವವರಿಗೂ ಕದಿಸಿಕೊಳ್ಳುವವರಿಗೂ ಗೊತ್ತಿರುತ್ತದೆ, ಬಾಯಿ ಮಾತ್ರ ಬಿಡಬಾರದು. ಚಿಗುರದ ಕಡ್ಡಿ ನೀರು ಹೆಚ್ಚಾಗಿ ಕೊಳೆತಿರುತ್ತದೆ ಅಷ್ಟೇ ಎಂದು ಓದಿದವರು ಹೇಳುತ್ತಾರೆ. ಹೇಳಲಿ. ಆ ಬೀದಿಯಲ್ಲಿ ಹೋಗಿ ಹೇಳಿ ನೋಡಲಿ.

ಒಂದು ಕಾಲಕ್ಕೆ ಬೀದಿಯ ಹನ್ನೊಂದು ಮನೆಗಳ ಕಿಟಕಿಯಲ್ಲಿ ಓರ್ಫೆಲಿನಾಳಿಂದ ಕದ್ದ ಕೆಂಪು ಹೂ ಇತ್ತು. ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಮನೆಯೊಳಗಿನ ಬಕೆಟ್ಟಿನ ನೀರೂ ಕಲ್ಲಾಯಿತು. ಆ ಸಲ ಎಲ್ಲರ ಗಿಡವೂ ಹೋಯಿತು. ಗೋಣಿ, ಕಂಬಳಿ, ಕಲ್ಲಿನ ದೆಸೆಯಿಂದ ಉಳಿದದ್ದು ಇವಳದೊಂದೇ. ಆಮೇಲೆ ಅವಳೇ ನಾಲ್ಕು ಕಡ್ಡಿ ಕುಂಡದಲ್ಲಿ ನೆಟ್ಟಳು. ನಾಲ್ಕೂ ಬುಡದಲ್ಲಿ ಕಪ್ಪಾಗಿ ಸತ್ತವು. ತನ್ನದನ್ನು ತಾನೇ ಕದಿಯುವುದಾದರೂ ಹೇಗೆ? ಅಮ್ಮ ಹೋಗಿ ಇಪ್ಪತ್ತಾರು ವರ್ಷವಾಯಿತು. ಅಮ್ಮನದು ಎನ್ನುವಂಥದ್ದು ಭೂಮಿಯ ಮೇಲೆ ಉಸಿರಾಡುತ್ತಿದ್ದರೆ ಅದು ಈ ಗಿಡ, ಇದರ ನಂತರ ಏನೂ ಇಲ್ಲ. ಕಾಪಾಡುವ ಶಕ್ತಿ ತನ್ನಲ್ಲಿ ಮುಗಿದಿದೆ. ಹಿಮ ಬೀಳುವುದರೊಳಗೆ ಯಾರಾದರೂ ಕದಿಯಬೇಕು.

ಗಿಡ ಕಳೆದುಕೊಂಡ ಬೀದಿಯವರು ಮತ್ತೆ ಬೆಳೆಸುವ ಆಸೆ ಬಿಟ್ಟಿದ್ದರು. ಕದಿಯಲು ಅಕ್ಕಪಕ್ಕದಲ್ಲಿ ಉಳಿದಿದ್ದವಳು ನೋಯೆಮಿ ಒಬ್ಬಳೇ. ಅವಳು ಎರಡು ವರ್ಷದ ಹಿಂದೆ ಪಕ್ಕದ ಮನೆಗೆ ಬಂದ ಐವತ್ತರ ಹೆಂಗಸು. ಗಂಡ ಲಾರಿ ಓಡಿಸುತ್ತ ವಾರಗಟ್ಟಲೆ ಗಡಿಯಾಚೆ ಇರುತ್ತಾನೆ. ಅವಳ ಮನೆಯ ಮುಂದೆ ಬಿಸಿಲು ಬೀಳುವ ಕಡೆಗೆ ಗಾಜಿನ ವರಾಂಡ, ಒಳಗೆ ಒಲೆಯ ಕಾವು. ಜಿರೇನಿಯಂಗೆ ಅದಕ್ಕಿಂತ ಒಳ್ಳೆಯ ಮನೆ ಇಡೀ ಊರಲ್ಲಿ ಇರಲಿಲ್ಲ. ತೊಂದರೆ ಏನೆಂದರೆ ನೋಯೆಮಿ ಕಟ್ಟುನಿಟ್ಟಿನ ಕ್ರೈಸ್ತ ಸುವಾರ್ತೆಯ ಸಭೆಯವಳು. ಶನಿವಾರ ಸಂಜೆ ಗಿಟಾರು ಹಿಡಿದು ಮೂಲೆಯಲ್ಲಿ ಹಾಡುವ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಅವಳದು. ಬಾಲ್ದೊ ಬೆನ್ನ ಹಿಂದೆ ಅವಳನ್ನು ಆ ಸ್ತುತಿಗೀತೆಗಳ ಮಾತಿನಿಂದಲೇ ಅಲ್ಲೇಲೂಯಾ ಎಂದು ಕರೆಯುತ್ತಿದ್ದ. ಬೇಲಿಯಾಚೆ ಬಿದ್ದ ಸೇಬನ್ನು ಒರೆಸಿ ವಾಪಸ್ ತಂದುಕೊಡುವವಳು. ಓರ್ಫೆಲಿನಾಳ ಕೋಳಿ ಒಮ್ಮೆ ಅವಳ ಸೌದೆ ರಾಶಿಯಲ್ಲಿ ಮೊಟ್ಟೆಯಿಟ್ಟಿತು. ಮೊಟ್ಟೆ ಬಿಸಿಯಾಗಿರುವಾಗಲೇ ಎರಡೂ ಕೈಯಲ್ಲಿ ಹಿಡಿದು ತಂದು ಬಾಗಿಲು ತಟ್ಟಿದ್ದಳು.

ಹೋದ ವರ್ಷ ಓರ್ಫೆಲಿನಾ ಅವಳಿಗೆ ಒಂದು ಕಡ್ಡಿಯನ್ನು ಕುಂಡದ ಸಮೇತ ಕೊಟ್ಟಿದ್ದಳು. ತಿಂಗಳೊಳಗೆ ಸತ್ತಿತು. ನೋಯೆಮಿ ಕಣ್ಣಲ್ಲಿ ನೀರು ತಂದುಕೊಂಡು ಕ್ಷಮೆ ಕೇಳಿದ್ದಳು. ಆಗ ಓರ್ಫೆಲಿನಾ ಅವಳಿಗೆ ಕದಿಯುವ ವಿಷಯ ಬಿಡಿಸಿ ಹೇಳಿದ್ದಳು. ಅದೇ ತಪ್ಪಾಯಿತು ಎಂದು ಈಗ ಅನ್ನಿಸುತ್ತಿತ್ತು.

ಮರುದಿನ ಕಷಾಯಕ್ಕೆ ಬಂದ ನೋಯೆಮಿಯ ಮುಂದೆ ಓರ್ಫೆಲಿನಾ ಶುರುಮಾಡಿದಳು. "ನಾಳೆ ಬೆಳಗ್ಗೆ ನಾನೂ ಮುದುಕಾನೂ ಮನೇಲಿರಲ್ಲ ಮಗಳೇ. ಎರಡು ಗಂಟೆ ಹೊತ್ತು ಯಾರೂ ಇರಲ್ಲ."

"ಆಗಲಿ ದೋನ್ಯಾ ಓರ್ಫೆ. ನಾನು ಮನೆ ಮೇಲೆ ಒಂದು ಕಣ್ಣಿಟ್ಟಿರ್ತೀನಿ," ಎಂದಳು ನೋಯೆಮಿ, ಹಿರಿಯ ಹೆಂಗಸರಿಗೆ ಸಲ್ಲುವ ಗೌರವದ ದೋನ್ಯಾ ಸೇರಿಸಿ.

"ಕಣ್ಣಿಡಬೇಡ! ನಿನ್ನ ಪಾಡಿಗೆ ನೀನಿರು. ಹಿತ್ತಲ ಗೇಟು ತೆಗೆದೇ ಇರುತ್ತೆ. ಕತ್ತರಿ ಗೋಡೆ ಮೇಲಿರುತ್ತೆ."

"ಕತ್ತರಿ ಯಾಕೆ ಗೋಡೆ ಮೇಲೆ?"

"ಮರೆತು ಬಿಟ್ಟುಹೋಗ್ತೀನಿ ಅನ್ಕೋ."

ಬಾಲ್ದೊ ಕೆಮ್ಮುವ ನೆಪ ಮಾಡಿ ಎದ್ದು ಹೋದ. ಮರುದಿನ ಇಬ್ಬರೂ ಎರಡು ಗಂಟೆ ಕಾಲ ಮಂಡಿನೋವಿನಲ್ಲಿ ಪೇಟೆಯೆಲ್ಲ ಸುತ್ತಿ ಬಂದರು. ಗಿಡ ಹಾಗೇ ಇತ್ತು. ಹಿತ್ತಲ ಗೇಟಿಗೆ ಅಗುಳಿ ಬಿದ್ದಿತ್ತು. ಅರ್ಧ ಗಂಟೆಯೊಳಗೆ ನೋಯೆಮಿ ಬಾಗಿಲಿಗೆ ಬಂದಳು, ಕೈಯಲ್ಲಿ ಕತ್ತರಿ. "ಮರೆತು ಹೋಗಿದ್ರಿ. ಇಬ್ಬನಿಗೆ ತುಕ್ಕು ಹಿಡಿಯುತ್ತೆ ಅಂತ ಎಣ್ಣೆ ಹಚ್ಚಿ ತಂದೆ."

ಓರ್ಫೆಲಿನಾಗೆ ಸಿಟ್ಟು ನೆತ್ತಿಗೇರಿತು. "ಅಯ್ಯೋ ಮಾರಾಯ್ತಿ, ಕದಿಯೇ! ಒಂದು ಕಡ್ಡಿ ಕದ್ದರೆ ನಿನ್ನ ಗಂಟೇನು ಹೋಗುತ್ತೆ?"

ನೋಯೆಮಿಯ ಮುಖ ಕೆಂಪಾಯಿತು. ಆದರೆ ಯೋಚನೆ ಮಾಡಿಯೇ ಉತ್ತರ ಕೊಟ್ಟಳು. "ನೀವೇ ಕದಿ ಅಂದ್ಮೇಲೆ ಅದು ಕೊಟ್ಟ ಹಾಗೇ ಅಲ್ವಾ? ಕೊಟ್ರೆ ಬರಲ್ಲ ಅಂತ ನೀವೇ ಹೇಳಿದ್ರಿ. ನೀವು ಹೇಳದೆ ನಾನು ಮುಟ್ಟಿದ್ರೆ ಅದು ಪಾಪ. ಕದೀಬೇಡ ಅನ್ನೋದು ದೇವರ ಎಂಟನೇ ಆಜ್ಞೆ. ಎರಡರಲ್ಲಿ ಯಾವುದೂ ನಂಗೆ ಆಗೋದಿಲ್ಲ, ದೋನ್ಯಾ ಓರ್ಫೆ. ನಾನೇ ದಿನಾ ಬಂದು ಹೊದಿಸ್ಲಾ?"

"ಎಷ್ಟು ವರ್ಷ ಹೊದಿಸ್ತೀಯ?"

ನೋಯೆಮಿ ಕತ್ತರಿಯನ್ನು ಹೊಸ್ತಿಲ ಮೇಲಿಟ್ಟು ಹೊರಟಳು. ಓರ್ಫೆಲಿನಾಗೆ ಇನ್ನೊಬ್ಬರ ಹೆಗಲಿಗೆ ಆ ಗೋಣಿಚೀಲ ದಾಟಿಸುವ ಮನಸ್ಸಿರಲಿಲ್ಲ. ಆ ಕೆಲಸ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನವೇ ಕಿವಿಯ ತುದಿ ಉರಿಯುವಷ್ಟು ಚಳಿಯಾಯಿತು. ಇವತ್ತೇ ಎಂದು ಅವಳಿಗೆ ಖಾತ್ರಿಯಾಯಿತು. ಗಿಡ ಬೆಳಗಾಗುವುದರೊಳಗೆ ಕಪ್ಪಾಗುವುದನ್ನು ಪಕ್ಕದಲ್ಲೇ ಮಲಗಿ ಕಾಯುವುದು ಆಗದ ಮಾತು. "ನಿನ್ನ ತಂಗಿ ಮನೆಗೆ ಹೋಗಿ ಇಸ್ಪೀಟಾಡೋಣ. ರಾತ್ರಿ ಅಲ್ಲೇ ಇರೋಣ," ಎಂದು ಬಾಲ್ದೊನನ್ನು ಹೊರಡಿಸಿದಳು. ಹೋಗುವಾಗ ಗಿಡದ ಮುಂದೆ ನಿಂತಳು. ಒಂದು ಗೊಂಚಲು ಇನ್ನೂ ಅರಳುತ್ತಿತ್ತು, ಪಾಪದ್ದು, ಏನೂ ಗೊತ್ತಿಲ್ಲದೆ. ಅವಳು ಅದನ್ನು ಮುಟ್ಟಲಿಲ್ಲ. ಗೇಟನ್ನು ಹಾರುಹೊಡೆದು ನದಿಯಾಚೆಯ ಬಸ್ಸು ಹತ್ತಿದಳು. ನಾದಿನಿಯ ಮನೆಯಲ್ಲಿ ಆಡಿದ ಆಟವೆಲ್ಲ ಸೋತಳು.

ಬೆಳಗ್ಗೆ ಹತ್ತರ ಬಸ್ಸಿಗೆ ವಾಪಸ್ ಬಂದಾಗ ಊರೆಲ್ಲ ಬೆಳ್ಳಗಿತ್ತು. ಎಲೆಕೋಸಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿತ್ತು. ಗೇಟಿಗೆ ಅಗುಳಿ ಹಾಕಿತ್ತು. ಗೋಡೆಯ ಹತ್ತಿರ ಗಿಡ ಕಾಣಲಿಲ್ಲ. ಅದರ ಜಾಗದಲ್ಲಿ ಕೆಂಪು ನೀಲಿ ಪಟ್ಟೆಯ ಒಂದು ಉಣ್ಣೆ ಕಂಬಳಿ ನಿಂತಿತ್ತು. ನೋಯೆಮಿಯ ಸ್ವಂತ ಹಾಸಿಗೆಯ ಕಂಬಳಿ, ಸುತ್ತ ಪಿನ್ನು ಹಾಕಿ, ಕಲ್ಲು ನೆಲದ ಮೇಲೇ ಸರಿಯಾಗಿ ಇಟ್ಟು ಹೊದಿಸಿದ್ದಳು.

"ನೋಡು ನಿನ್ನ ಕಳ್ಳಿ," ಎಂದು ಬಾಲ್ದೊ ಹೊಟ್ಟೆ ಹಿಡಿದುಕೊಂಡು ನಕ್ಕ. "ರಾತ್ರಿಯೆಲ್ಲ ತಾನು ನಡುಗಿಕೊಂಡು ಮಲಗಿರ್ತಾಳೆ, ಅಲ್ಲೇಲೂಯಾ!"

ಓರ್ಫೆಲಿನಾಗೆ ನಗು ಬರಲಿಲ್ಲ. ಒಳ್ಳೆಯವರ ಕಾಟ ಕೆಟ್ಟವರ ಕಾಟಕ್ಕಿಂತ ಹೆಚ್ಚು ಎಂದು ಗೊಣಗುತ್ತ ಕಂಬಳಿ ತೆಗೆದಳು. ಒಳಗೆ ಗಿಡ ಹಸಿರಾಗಿ, ಬೆಚ್ಚಗೆ ಇತ್ತು. ಮತ್ತೆ ಇವತ್ತು ಸಂಜೆ, ನಾಳೆ ಸಂಜೆ, ಸೆಪ್ಟೆಂಬರ್‌ವರೆಗೆ ಪ್ರತಿ ಸಂಜೆ. ಕಲ್ಲುಗಳನ್ನು ಒಂದು ಬದಿಗೆ ಸೇರಿಸೋಣವೆಂದು ಗೋಡೆ ಹಿಡಿದು ಬಗ್ಗಿದಳು. ಬಗ್ಗಿದ್ದರಿಂದಲೇ ಅದು ಕಾಣಿಸಿತು.

ಗೋಡೆಯ ಪಕ್ಕದ ದಪ್ಪ ರೆಂಬೆ ಇರಲಿಲ್ಲ. ಮುರಿದ ಜಾಗದಲ್ಲಿ ಸಿಪ್ಪೆ ಉದ್ದಕ್ಕೆ ಸುಲಿದು ಬಂದಿತ್ತು, ಗಾಯ ಇನ್ನೂ ಹಸಿಯಾಗಿತ್ತು. ಕಂಬಳಿ ಎಳೆಯುವಾಗ ತೊಡರಿ ಮುರಿದಿರಬೇಕು. ಓರ್ಫೆಲಿನಾ ನೆಲ ನೋಡಿದಳು, ಕಲ್ಲುಗಳ ಹಿಂದೆ ನೋಡಿದಳು, ಕಂಬಳಿ ಕೊಡವಿದಳು. ರೆಂಬೆ ಎಲ್ಲೂ ಇಲ್ಲ. ಉದುರಿದ ಒಂದು ಎಲೆಯೂ ಇಲ್ಲ. ಬಿದ್ದ ಸೇಬನ್ನು ಒರೆಸಿ ತರುವ ಹೆಂಗಸು ಇಷ್ಟು ಹೊತ್ತಿಗೆ ಮುರಿದ ರೆಂಬೆ ಹಿಡಿದು ಅಳುತ್ತ ಓಡಿ ಬಂದಿರಬೇಕಿತ್ತು. ಬಂದಿಲ್ಲ. ಓರ್ಫೆಲಿನಾ ಪಕ್ಕದ ಮನೆಯತ್ತ ತಿರುಗಿದಳು. ವರಾಂಡದ ಪರದೆ ಸರಕ್ಕನೆ ಮುಚ್ಚಿಕೊಂಡಿತು.

"ಬಚ್ಚಿಟ್ಟಿದ್ದಾಳೆ," ಎಂದಳು ಓರ್ಫೆಲಿನಾ, ಪಿಸುಮಾತಿನಲ್ಲಿ. "ಮುದುಕಾ, ಅವಳು ಬಚ್ಚಿಟ್ಟಿದ್ದಾಳೆ."

"ಅದು ಕದ್ದ ಲೆಕ್ಕ ಆಗುತ್ತಾ?"

"ಬಾಯಿಬಿಡದೆ ಇದ್ದರೆ ಆಗುತ್ತೆ."

ಕಂಬಳಿಯನ್ನು ಮಡಿಸಿ ಬೇಲಿಯ ಮೇಲಿಟ್ಟಳು. ಅದು ಯಾವಾಗಲೋ ಯಾರಿಗೂ ಕಾಣದಂತೆ ಮಾಯವಾಯಿತು. ಸಂಜೆ ಗೋಣಿಚೀಲ ತರಲು ಎದ್ದಳು. ಒಂದು ಮುರಿದ ರೆಂಬೆ ಬೇರು ಬಿಡುತ್ತದೆಂದು ಯಾವ ನಂಬಿಕೆ? ಇನ್ನು ಹತ್ತು ದಿನವಾದರೂ ಹೊದಿಸಬೇಕು, ಅಷ್ಟು ಮಾಡಬಹುದು ಎಂದುಕೊಂಡಳು. ಬಾಗಿಲವರೆಗೆ ಹೋದಳು. ಅಲ್ಲಿದ್ದ ಕುರ್ಚಿಯ ಮೇಲೆ ಸ್ವಲ್ಪ ಕೂತಳು. ಕೂತವಳು ಏಳಲಿಲ್ಲ. ಏಳು ಎಂದು ತನಗೆ ತಾನೇ ಹೇಳಿಕೊಂಡಳು, ಬೈದುಕೊಂಡಳು. ಮೂವತ್ತೊಂದು ವರ್ಷ ಹೇಳಿದ್ದನ್ನೆಲ್ಲ ಕೇಳಿದ್ದ ಮೈ ಆ ಸಂಜೆ ಕೇಳಲಿಲ್ಲ. ಬಾಲ್ದೊ ಬಂದು ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ.

ಬೆಳಗ್ಗೆ ಗಿಡ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು, ಮಧ್ಯಾಹ್ನದ ಹೊತ್ತಿಗೆ ಕಪ್ಪಾಯಿತು. ಓರ್ಫೆಲಿನಾ ಅಲ್ಲೇ ನಿಂತು ಅತ್ತಳು. ಅತ್ತಾದ ಮೇಲೆ ಇವತ್ತು ಸಂಜೆ ಹೊರಗೆ ಬರಬೇಕಾಗಿಲ್ಲ ಎನ್ನುವುದು ನೆನಪಾಗಿ ಮೈ ಹಗುರವಾಯಿತು. ಹಗುರವಾದದ್ದಕ್ಕೆ ಬಹಳ ನಾಚಿಕೆಯಾಯಿತು.

ಆಮೇಲೆ ಮೂರು ವಾರ ನೋಯೆಮಿ ಕಷಾಯಕ್ಕೆ ಬರಲಿಲ್ಲ. ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ರಸ್ತೆ ದಾಟುತ್ತಿದ್ದಳು. ಓರ್ಫೆಲಿನಾಳೂ ಮಾತಾಡಿಸಲಿಲ್ಲ. ಒಂದು ಮಾತು ಹೊರಬಿದ್ದರೆ ನೋಯೆಮಿ ಎಲ್ಲವನ್ನೂ ಕಕ್ಕಿಬಿಡುತ್ತಾಳೆಂದು ಹೆದರಿಕೆ. ಬೆಳಗ್ಗೆ ಹೊತ್ತು ಹೋಗುತ್ತಿರಲಿಲ್ಲ. ಇಷ್ಟು ದಿನ ಬೇಜಾರೆನಿಸುತ್ತಿದ್ದ ಅವಳ ಸಭೆಯ ಕಥೆಗಳನ್ನು ಕೇಳಬೇಕೆನಿಸುತ್ತಿತ್ತು. ಶನಿವಾರ ಮೂಲೆಯಲ್ಲಿ ಗುಂಪು ಹಾಡಿತು.

ಬಾಲ್ದೊ ಕಿಟಕಿಯಿಂದ ನೋಡಿ, "ನಮ್ಮ ಅಲ್ಲೇಲೂಯಾ ಬಾಯೇ ತೆರೀತಿಲ್ಲ ಕಣೇ. ಸುಮ್ಮನೆ ನಿಂತಿದ್ದಾಳೆ. ಸೊರಗಿ ಹೋಗಿದ್ದಾಳೆ," ಎಂದ.

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಓರ್ಫೆಲಿನಾ ಪರದೆ ಎಳೆದಳು.

ಮೇ ತಿಂಗಳ ಮೊದಲ ಸೋಮವಾರ ಬಾಗಿಲು ತಟ್ಟಿದ ಸದ್ದಾಯಿತು. ನೋಯೆಮಿ ನಿಂತಿದ್ದಳು. ಎರಡೂ ಕೈಯಲ್ಲಿ ಒಂದು ಮಣ್ಣಿನ ಕುಂಡ, ಅದರಲ್ಲಿ ಗೇಣುದ್ದದ ಮೂರು ಕವಲಿನ ಗಿಡ. ಪ್ರತಿ ಕವಲಿನ ತುದಿಯಲ್ಲೂ ಉಗುರಿನಷ್ಟು ಹೊಸ ಎಲೆ, ಅಂಚಿನಲ್ಲಿ ಕಂದು ಗೆರೆ. ಆ ಗೆರೆಯನ್ನು ಓರ್ಫೆಲಿನಾ ಕುರುಡಾದರೂ ಗುರುತಿಸುತ್ತಿದ್ದಳು. ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು ಏಪ್ರನ್ನಿನ ಜೇಬಿಗೆ ತೂರಿಸಿಕೊಂಡಳು.

"ದೋನ್ಯಾ ಓರ್ಫೆ, ನನ್ನ ಕೈಲಿ ಇನ್ನು ಆಗಲ್ಲ," ಎಂದಳು ನೋಯೆಮಿ. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. "ಪ್ರಾರ್ಥನೆಗೆ ಕೂತರೆ ಇದೇ ಕಣ್ಣ ಮುಂದೆ ಬರುತ್ತೆ. ಅವತ್ತು ಕಂಬಳಿ ಎಳೆಯುವಾಗ..."

"ಯಾವ ಕಂಬಳಿ?"

"ನಿಮ್ಮ ಗಿಡಕ್ಕೆ ಹೊದಿಸಿದ್ದು. ರೆಂಬೆ ಮುರೀತು. ಹೇಳೋಣ ಅಂತಲೇ ಎತ್ಕೊಂಡೆ, ಆಮೇಲೆ ಹೆದರಿಕೆ ಆಯ್ತು, ನೀರಲ್ಲಿಟ್ಟೆ. ಮಾರನೇ ದಿನ ನೋಡಿದ್ರೆ ನಿಮ್ಮ ಗಿಡವೇ ಹೋಗಿತ್ತು. ಆಮೇಲೆ ಹ್ಯಾಗೆ ಹೇಳಲಿ? ತಗೊಳ್ಳಿ. ಇದು ನಿಮ್ಮದು. ನನ್ನ ಕ್ಷಮಿಸಿದೆ ಅಂತ ಒಂದು ಮಾತು ಹೇಳಿಬಿಡಿ, ಸಾಕು."

ಒಲೆಯ ಹತ್ತಿರ ಬಾಲ್ದೊ ಹೀರುವುದನ್ನು ನಿಲ್ಲಿಸಿದ. ಓರ್ಫೆಲಿನಾಗೆ ಆ ಒಂದು ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ ಈ ಹೆಂಗಸು ಇವತ್ತು ರಾತ್ರಿ ನಿದ್ದೆ ಮಾಡುತ್ತಾಳೆ, ನಾಳೆ ಕಷಾಯಕ್ಕೆ ಬರುತ್ತಾಳೆ. ಹೇಳಿದರೆ ಕದ್ದದ್ದು ಕೊಟ್ಟದ್ದಾಗುತ್ತದೆ. ಎಳೆ ಬೇರು, ಇನ್ನೂ ಚಳಿಗಾಲ ಪೂರ್ತಿ ಮುಂದಿದೆ.

"ಅದು ನಂದಲ್ಲ," ಎಂದಳು.

"ದೋನ್ಯಾ ಓರ್ಫೆ, ನಿಮ್ಮ ಗಿಡದ್ದೇ..."

"ನನ್ನ ಗಿಡ ಹಿಮಕ್ಕೆ ಸುಟ್ಟುಹೋಯ್ತು. ಬೇಕಾದರೆ ಹಿತ್ತಲಿಗೆ ಹೋಗಿ ನೋಡು. ಇದು ಯಾವುದೋ, ನಂಗೆ ಗುರುತಿಲ್ಲ."

"ಹಾಗಾದ್ರೆ ನೀವು ನನ್ನ ಕ್ಷಮಿಸಲ್ವಾ?"

"ನಂದೇನೂ ಕಳೆದೇ ಇಲ್ಲವಲ್ಲ ಮಗಳೇ, ಯಾತಕ್ಕೆ ಕ್ಷಮಿಸಲಿ?"

ನೋಯೆಮಿ ಕುಂಡವನ್ನು ನೋಡಿದಳು, ಓರ್ಫೆಲಿನಾಳನ್ನು ನೋಡಿದಳು. ಈ ಮುದುಕಿಯ ಮನಸ್ಸು ಕಲ್ಲೆಂದು ತಿಳಿದಳೋ ಏನೋ, ಕಣ್ಣೀರು ಒರೆಸಲೂ ಕೈ ಬಿಡುವಿಲ್ಲದೆ ತಿರುಗಿ ಮೆಟ್ಟಿಲಿಳಿದಳು. ಹೊರಗೆ ಗಾಳಿ ಮತ್ತೆ ಎದ್ದಿತ್ತು. ಹೊಸ ಎಲೆಗಳು ಅದರಲ್ಲಿ ಪಟಪಟನೆ ಬಡಿದುಕೊಂಡವು.

"ಏ!" ಎಂದು ಓರ್ಫೆಲಿನಾ ಕೂಗಿಬಿಟ್ಟಳು. "ಹಾಗೆ ಹಿಡ್ಕೊಂಡು ಹೋಗಬೇಡ್ವೇ, ಎಲೆ ಸುಟ್ಟುಹೋಗುತ್ತೆ! ಕೋಟಿನೊಳಗೆ ಇಟ್ಕೋ!"

ನೋಯೆಮಿ ಗೇಟಿನ ಹತ್ತಿರ ನಿಂತಳು. ಬಾಗಿಲ ಕಡೆ ತಿರುಗಿ ನೋಡಿದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕುಂಡವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದಳು, ಗಿಡವನ್ನು ಎದೆಗೊತ್ತಿ ಮತ್ತೆ ಒಂದೊಂದಾಗಿ ಹಾಕಿದಳು. ಏನೋ ಹೇಳಲು ಬಾಯಿ ತೆರೆದಳು. ಓರ್ಫೆಲಿನಾ ಬಾಗಿಲು ಹಾಕಿದಳು.

"ಯಾರದಂತೆ ಗಿಡ?" ಎಂದ ಬಾಲ್ದೊ, ಎಲ್ಲ ಕೇಳಿಸಿಕೊಂಡವನೇ.

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅವಳದು," ಎಂದಳು.